ಏರ್‌ಲೈನ್‌ಗೆ ಕಾಯಲೋ, ಚಾರ್ಟರ್ ಸೇರಲೋ?

ಪ್ರಶ್ನೆ (ಗದಗ-ಬೆಟಗೇರಿಯಿಂದ): ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್) ಕೈಗೆ ಬಂದು ಎಂಟು ತಿಂಗಳಾಯಿತು. 210 ಗಂಟೆ ಹಾರಿದ್ದೇನೆ. ಮುಂಬೈನ ಒಂದು ಚಾರ್ಟರ್ ಕಂಪನಿ (ಇಡೀ ವಿಮಾನ ಬಾಡಿಗೆಗೆ ಕೊಡುವವರು) ಕಿಂಗ್ ಏರ್ ಎಂಬ ಸಣ್ಣ ವಿಮಾನಕ್ಕೆ ಕೋ-ಪೈಲಟ್ ಆಗಿ ಕರೆದಿದೆ. ಅಪ್ಪ ಏರ್‌ಲೈನ್ ಪರೀಕ್ಷೆಗೇ ಕಾಯಿ ಅನ್ನುತ್ತಾರೆ. ಎರಡೂ ಕಡೆ ದುಡಿದವರಿದ್ದರೆ ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ ಒಬ್ಬರು: ತಂಗಿ, ನಾನು ಆರು ವರ್ಷ ಚಾರ್ಟರ್‌ನಲ್ಲಿದ್ದೆ. ಈಗ ಏರ್‌ಲೈನ್‌ನಲ್ಲಿ ಏರ್‌ಬಸ್ 320 ಹಾರಿಸುತ್ತೇನೆ.

ಚಾರ್ಟರ್‌ನಲ್ಲಿ ಕಲಿಯುವುದು ಜಾಸ್ತಿ. ಹವಾಮಾನ ನೋಡುವುದು, ಫ್ಲೈಟ್ ಪ್ಲ್ಯಾನ್ ಹಾಕುವುದು, ಇಂಧನದವರ ಬೆನ್ನು ಹತ್ತುವುದು, ಪ್ರಯಾಣಿಕರಿಗೆ ಊಟ ತರಿಸುವುದು, ಬ್ಯಾಗ್ ಎತ್ತಿಡುವುದು, ಎಲ್ಲ ನಾವಿಬ್ಬರು ಪೈಲಟ್‌ಗಳೇ. ಇಂದು ಮುಂಬೈ, ನಾಳೆ ಕೊಪ್ಪಳದ ಏರ್‌ಸ್ಟ್ರಿಪ್. ಐಎಲ್‌ಎಸ್ (ಮೋಡವಿದ್ದರೂ ರನ್‌ವೇಯತ್ತ ದಾರಿ ತೋರುವ ರೇಡಿಯೋ ವ್ಯವಸ್ಥೆ) ಇಲ್ಲದ ಕಡೆ ರನ್‌ವೇ ಕಣ್ಣಿಗೆ ಕಂಡರೆ ಮಾತ್ರ ಇಳಿಯುವುದು. ಆ ಪಾಠ ಇವತ್ತಿಗೂ ಕೈ ಹಿಡಿಯುತ್ತದೆ.

ಆದರೆ ಗಂಟೆ ಕೂಡುವುದು ನಿಧಾನ. ಎಟಿಪಿಎಲ್‌ಗೆ (ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್) ಬೇಕಾದ 1500 ಗಂಟೆ ಮುಟ್ಟಲು ನನಗೆ ಐದು ವರ್ಷ ಹಿಡಿಯಿತು. ವರ್ಷಕ್ಕೆ 300 ಗಂಟೆ ದಾಟಿದ್ದು ಚುನಾವಣೆಯ ವರ್ಷ ಮಾತ್ರ. ಈಗ ಏರ್‌ಲೈನ್‌ನಲ್ಲಿ ವರ್ಷಕ್ಕೆ 700 ಸಲೀಸು. ರೋಸ್ಟರ್ (ಡ್ಯೂಟಿ ಪಟ್ಟಿ) ಮೊದಲೇ ಕೈಗೆ ಬರುತ್ತದೆ. ಚಾರ್ಟರ್‌ನಲ್ಲಿ ಫೋನ್ ಬಂದಾಗ ಹೊರಡಬೇಕು. ನನ್ನ ತಮ್ಮನ ಮದುವೆಯ ಅಕ್ಷತೆ ಹೊತ್ತಿಗೆ ನಾನು ಇಂದೋರ್‌ನ ಹೋಟೆಲ್‌ನಲ್ಲಿ ಸಾಹೇಬರ ಮೀಟಿಂಗ್ ಮುಗಿಯಲಿ ಎಂದು ಕಾಯುತ್ತಿದ್ದೆ. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ಕೆಲಸದ ಭದ್ರತೆಗೆ ಅಂತ ಏರ್‌ಲೈನ್ ಆರಿಸಬೇಡ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು, 2023ರ ಮೇನಲ್ಲಿ ಗೋ ಫಸ್ಟ್. ಚಾರ್ಟರ್‌ನಲ್ಲೂ ಭದ್ರತೆ ಇಲ್ಲ: ನನ್ನ ಮೊದಲ ಚಾರ್ಟರ್ ಕಂಪನಿ ಇದ್ದ ಒಂದೇ ವಿಮಾನ ಮಾರಿತು. ಮೂರು ತಿಂಗಳು ಸಂಬಳವಿಲ್ಲದೆ ಕೂತೆ.

ನೀನು ವಿಚಾರಿಸಬೇಕಾದದ್ದು ಬೇರೆಯೇ ಇದೆ. ಒಂದು ಜುಲೈನಲ್ಲಿ ಹುಬ್ಬಳ್ಳಿ ಮೇಲೆ ಮೋಡ ತೀರಾ ಕೆಳಗಿತ್ತು. ಕ್ಯಾಪ್ಟನ್ ವಿಮಾನವನ್ನು ಬೆಂಗಳೂರಿಗೆ ತಿರುಗಿಸಿದರು. ಹಿಂದೆ ಕೂತವರು ಕೂಗಾಡಿದರು. ಆದರೂ ಕಂಪನಿ ಕ್ಯಾಪ್ಟನ್ ಪರ ನಿಂತಿತು. ನಾನು ಆಮೇಲೆ ಸೇರಿದ ಕಂಪನಿಯಲ್ಲಿ ಹೀಗೇ ಆದಾಗ, ‘ಇನ್ನೊಮ್ಮೆ ಟ್ರೈ ಮಾಡಬಹುದಿತ್ತಲ್ವಾ?’ ಎಂದು ಆಫೀಸಿಗೆ ಕರೆದು ಕೇಳಿದರು. ಅವತ್ತೇ ಬೇರೆ ಕೆಲಸ ಹುಡುಕಲು ಶುರು ಮಾಡಿದೆ. ನಿನ್ನನ್ನು ಕರೆದ ಕಂಪನಿ ಬಿಟ್ಟು ಬಂದ ಪೈಲಟ್‌ಗಳನ್ನು ಹುಡುಕು. ಹವೆ ಸರಿಯಿಲ್ಲ ಎಂದು ವಾಪಸ್ ಬಂದಾಗ ಮಾಲೀಕರು ಏನಂದರು ಎಂದು ಕೇಳು. ಉತ್ತರ ಚೆನ್ನಾಗಿದ್ದರೆ ಧೈರ್ಯವಾಗಿ ಸೇರು, ಏರ್‌ಲೈನ್ ಪರೀಕ್ಷೆಗಳನ್ನೂ ಬರೆಯುತ್ತಿರು. ಇಲ್ಲದಿದ್ದರೆ ಅಪ್ಪನ ಮಾತೇ ಸರಿ.

ಹಾವೇರಿಯಿಂದ ಇನ್ನೊಬ್ಬರು: ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ಪೂರ್ತಿ ಓದದೆ ಸಹಿ ಹಾಕಬೇಡಮ್ಮ. ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ತಂದ ನಿಯಮದಲ್ಲಿ ಕೋ-ಪೈಲಟ್ ಕೆಲಸ ಬಿಡಲು 6 ತಿಂಗಳ ನೋಟಿಸ್, ಕ್ಯಾಪ್ಟನ್‌ಗೆ 1 ವರ್ಷ. ಏರ್‌ಲೈನ್ ಕರೆ ಬಂದ ಮೇಲೂ ನಾನು ಅಷ್ಟು ದಿನ ಕಾಯಬೇಕಾಯಿತು. ಮತ್ತೆ, ಎಂಟು ತಿಂಗಳಾಯಿತು ಅಂದೆಯಲ್ಲ, ನಿನ್ನ ಐಆರ್ ಚೆಕ್‌ನ (ಉಪಕರಣ ನೋಡಿ ಹಾರಿಸುವ ಅರ್ಹತೆಯ ಪರೀಕ್ಷೆ) ಅವಧಿ ಯಾವಾಗ ಮುಗಿಯುತ್ತದೆ ಇವತ್ತೇ ನೋಡಿಕೋ.