ಶಾಸಕರಿಗೆ ಭಾಷಣ ಬರೆಯೋದ್ ಬಿಟ್ಟು ಕಮ್ಯುನಿಕೇಶನ್ ಕನ್ಸಲ್ಟೆಂಟ್ ಆಗೋದು, ಯಾರಾದ್ರೂ ಮಾಡಿದೀರಾ?

ಚೀಟಿ_ಬರೆಯೋನು:

ನಮಸ್ಕಾರ ಎಲ್ಲರಿಗೂ. ಆರು ವರ್ಷದಿಂದ ಒಬ್ರು ಶಾಸಕರ ಹತ್ರ ಇದೀನಿ, ಕಾಗದದ ಮೇಲೆ ಹುದ್ದೆ ಏನೋ ಇದೆ, ಮಾಡೋದು ಮಾತ್ರ ಭಾಷಣ ಬರೆಯೋ ಕೆಲ್ಸ. ಸಾಹೇಬ್ರು ಸ್ಟೇಜ್ ಮೇಲೆ ಕನ್ನಡಕ ಹಾಕಲ್ಲ, ಅದಕ್ಕೆ 20 ಪಾಯಿಂಟ್ ಅಕ್ಷರ, ಒಂದು ಉಸಿರಿಗೆ ಒಂದು ಸಾಲು, ವಾಕ್ಯ ಪುಟದ ತುದೀಲಿ ತುಂಡಾಗಬಾರ್ದು. "ಸಬಲೀಕರಣ" ಅವರ ನಾಲಿಗೆ ಮೇಲೆ ಹೊರಳಲ್ಲ, "ಹೆಣ್ಮಕ್ಕಳ ಕೈಲಿ ನಾಲ್ಕು ಕಾಸು" ಅಂತ ಬರೆದ್ರೆ ಚಪ್ಪಾಳೆನೂ ಬರುತ್ತೆ. ನಿಜವಾದ ತಲೆನೋವು ಅಂದ್ರೆ ವೇದಿಕೆ ಮೇಲಿರೋ ಗಣ್ಯರ ಲಿಸ್ಟು, ಕೊನೇ ಹತ್ತು ನಿಮಿಷದಲ್ಲಿ ಇನ್ನಿಬ್ರು ಬಂದು ಕೂತ್ಕೋತಾರೆ, ಒಂದ್ಸಲ ಒಬ್ರು ಮಾಜಿ ಅಧ್ಯಕ್ಷರ ಹೆಸರು ಬಿಟ್ಟೋಗಿ ಮೂರು ತಿಂಗಳು ಅವರು ನನ್ನ ಮುಖ ನೋಡ್ಲಿಲ್ಲ.

ಈಗ ವಿಷ್ಯಕ್ಕೆ ಬರ್ತೀನಿ. ಮಗಳು ಸ್ಕೂಲಿಗೆ ಸೇರಿದಾಳೆ, ಸಾಹೇಬ್ರು ಸೋತ್ರೆ ನಂದೂ ಗಂಟುಮೂಟೆ. ಕಂಪನಿಗಳಿಗೆ ಕನ್ಸಲ್ಟೆಂಟ್ ಆಗೋಣ ಅನ್ಕೊಂಡಿದೀನಿ, ಆದ್ರೆ ಸ್ಯಾಂಪಲ್ ಅಂತ ಏನ್ ತೋರಿಸ್ಲಿ? "ಈ ಭಾಷಣ ನಂದು" ಅಂತ ಬಾಯಿಬಿಡೋ ಹಾಗಿಲ್ವಲ್ಲ.

ಮೈಕ್_ಟೆಸ್ಟಿಂಗ್:

ನಾನು ಬೆಂಗಳೂರಲ್ಲಿ ಇದೇ ಕೆಲ್ಸದಲ್ಲಿ ಹನ್ನೊಂದು ವರ್ಷದಿಂದ ಇದೀನಿ, ಧೈರ್ಯವಾಗಿ ಬನ್ನಿ. ನಿಮಗೆ ಜಾನ್ ಫಾವ್ರೋ ಗೊತ್ತಿರಬೇಕು, ಒಬಾಮಾಗೆ ಭಾಷಣ ಬರೀತಿದ್ದೋರು. 2004ರಲ್ಲಿ ಬಾಸ್ಟನ್‌ನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಾನ್ ಕೆರಿ ತಂಡದಲ್ಲಿದ್ದ 23 ವರ್ಷದ ಹುಡುಗ, ಒಬಾಮಾ ಪ್ರಾಕ್ಟೀಸ್ ಮಾಡ್ತಿರೋವಾಗ ಹೋಗಿ "ಈ ಸಾಲು ತೆಗೀಬೇಕು ಸರ್, ಕೆರಿಯವ್ರ ಭಾಷಣದಲ್ಲೂ ಇಂಥದ್ದೇ ಇದೆ" ಅಂತ ಹೇಳೋ ಕೆಲ್ಸ ಇವ್ರ ತಲೆ ಮೇಲೆ ಬಿತ್ತು. ಮುಂದಿನ ವರ್ಷ ಅದೇ ಒಬಾಮಾ ಹತ್ರ ಕೆಲ್ಸಕ್ಕೆ ಸೇರಿದ್ರು, 2009ರಲ್ಲಿ ವೈಟ್ ಹೌಸ್ ಭಾಷಣ ತಂಡಕ್ಕೇ ಮುಖ್ಯಸ್ಥ. 2013ರಲ್ಲಿ ಬಿಟ್ಟು ಜೊತೆಗಿದ್ದ ಟಾಮಿ ವೀಟರ್ ಜೊತೆ ಸೇರ್ಕೊಂಡು ಫೆನ್‌ವೇ ಸ್ಟ್ರಾಟಜೀಸ್ ಅಂತ ಕನ್ಸಲ್ಟಿಂಗ್ ಕಂಪನಿ ತೆಗೆದ್ರು.

ಅವ್ರಿಗೆ ವೈಟ್ ಹೌಸ್ ಹೆಸರಿತ್ತು, ನಮಗಿಲ್ಲ ನಿಜ. ಆದ್ರೆ ಮಾರೋ ಸರಕು ಒಂದೇ, ಬೇರೆಯವ್ರ ಬಾಯಿಗೆ ಒಗ್ಗೋ ಮಾತು. ನಮ್ಮ ಕ್ಲೈಂಟ್ ಒಬ್ರು ಪೀಣ್ಯದ ಫ್ಯಾಕ್ಟರಿ ಓನರ್, ಕಂಪನಿಗೆ 25 ವರ್ಷ ತುಂಬಿದ ಫಂಕ್ಷನ್ನಿಗೆ ಯಾರೋ "ವಿಷನ್ ಎಕ್ಸಲೆನ್ಸ್" ಅಂತ ನಾಲ್ಕು ಪುಟ ಬರ್ಕೊಟ್ಟಿದ್ರು. ನಾನು ಪೇಪರ್ ಪಕ್ಕಕ್ಕಿಟ್ಟು ಮೊದಲನೇ ಲೇತ್ ಮಿಷಿನ್ ಹೇಗ್ ತಗೊಂಡ್ರಿ ಸರ್ ಅಂದೆ, ಹೆಂಡ್ತಿ ಬಳೆ ಅಡ ಇಟ್ಟಿದ್ದು, ಮಿಷಿನ್ ಬಂದ ದಿನ ಶೆಡ್ಡಿಗೆ ಕರೆಂಟೇ ಇರ್ಲಿಲ್ಲ ಅಂತ ಮುಕ್ಕಾಲು ಗಂಟೆ ಮಾತಾಡಿದ್ರು. ಅದನ್ನೇ ರೆಕಾರ್ಡ್ ಮಾಡ್ಕೊಂಡು ಅವರ ಮಾತಲ್ಲೇ ಒಂದೂವರೆ ಪುಟ ಮಾಡಿದೆ. ಅವತ್ತಿಂದ ಅವರು ನಮ್ಮನ್ನ ಬಿಟ್ಟಿಲ್ಲ.

ಸ್ಯಾಂಪಲ್‌ಗೆ ಸಾಹೇಬ್ರ ಭಾಷಣ ಮುಟ್ಟಲೇಬೇಡಿ. ಯಾವ್ದಾದ್ರೂ ಕಂಪನಿ ವೆಬ್‌ಸೈಟಲ್ಲಿರೋ ಎಂಡಿ ಭಾಷಣ ತಗೊಂಡು ನಿಮ್ಮ ಥರ ತಿದ್ದಿ, ಎರಡೂ ಅಕ್ಕಪಕ್ಕ ಇಟ್ಟು ತೋರಿಸಿ. ಗುಟ್ಟು ಕಾಪಾಡ್ತೀನಿ ಅನ್ನೋದೇ ನಿಮ್ಮ ಮೊದಲ ಸ್ಯಾಂಪಲ್, ಹಳೇ ಬಾಸ್ ಬಗ್ಗೆ ಕಥೆ ಹೇಳೋರನ್ನ ಹೊಸಬ್ರು ನಂಬಲ್ಲ.

ಗಿರ್ಮಿಟ್_ಮಂದಿ:

ಅಮೆರಿಕಾ ತನಕ ಯಾಕ ಹೋಗ್ತೀರಿ, ನಮ್ಮವ್ರ ಇದ್ರಲ್ರೀ. ಎಚ್.ವೈ. ಶಾರದಾ ಪ್ರಸಾದ್, ಮೈಸೂರಾಗ ಓದುಮುಂದ 1942ರ ಚಳವಳಿಯೊಳಗ ಜೈಲಿಗೆ ಹೋಗಿಬಂದವ್ರು, ಮುಂದ ಇಂದಿರಾ ಗಾಂಧಿಯವ್ರಿಗೆ ಮಾಹಿತಿ ಸಲಹೆಗಾರರಾಗಿ ಭಾಷಣ ಬರದ್ರು. ಇಂದಿರಾ ಅಧಿಕಾರ ಹೋದಮ್ಯಾಲೆ 1978ರಾಗ ದಿಲ್ಲಿಯೊಳಗಿನ ಐಐಎಂಸಿಗೆ ಡೈರೆಕ್ಟರ್ ಆದ್ರು, ಅಂದ್ರ ಪತ್ರಕರ್ತರನ್ನ ತಯಾರು ಮಾಡೋ ಸರ್ಕಾರಿ ಸಂಸ್ಥಾ. 1980ಕ್ಕ ಇಂದಿರಾ ಗೆದ್ದು ಬಂದು ತಿರುಗಿ ಅವ್ರನ್ನ ಕರಸ್ಕೊಂಡ್ರು. ಬಾಸ್ ಸೋತ್ರೂ ಕಸಬು ಸೋಲಂಗಿಲ್ಲ ಅನ್ನಾಕ ಇದಕ್ಕಿಂತ ಬ್ಯಾರೆ ಏನ್ ಬೇಕ್ರಿ.

ಇನ್ನೊಬ್ರು ನಮ್ಮ ಅಥಣಿಯವ್ರು, ಸುಧೀಂದ್ರ ಕುಲಕರ್ಣಿ. ಬಾಂಬೆ ಐಐಟಿಯೊಳಗ ಇಂಜಿನಿಯರಿಂಗ್ ಓದಿ, ಎಡಪಂಥದಾಗಿದ್ದು, ಪತ್ರಕರ್ತರಾಗಿ, ಕಡೀಕ ವಾಜಪೇಯಿಯವ್ರ ಭಾಷಣ ಬರ್ಯಾವ್ರಾದ್ರು. 2009ರಾಗ ಬಿಜೆಪಿ ಬಿಟ್ರು. ಆದ್ರ ಇವತ್ತಿಗೂ ಅವ್ರ ಹೆಸರು ತಗದ್ರ ಮಂದಿ ಮೊದ್ಲು ವಾಜಪೇಯಿ ಅಂತಾರ. ಪಕ್ಷದ ಬಣ್ಣ ಹತ್ತಿದ್ರ ಲಗೂನ ಹೋಗಂಗಿಲ್ಲ ನೋಡ್ರಿ. ನಿಮ್ಮ ಸಾಹೇಬ್ರ ಪಾರ್ಟಿ ಯಾವ್ದು ಅಂತ ಪ್ರತಿ ಕಂಪನಿಯವ್ರೂ ಕೇಳ್ತಾರ, ಉತ್ತರ ತಯಾರ ಇಟ್ಕೋರಿ.

ಕಟ್ಟೆ_ಕಾಮೆಂಟು:

ಎಲ್ರೂ ಫಾವ್ರೋ ಕಥೆ ಅರ್ಧಕ್ಕೇ ನಿಲ್ಲಿಸ್ತಾರೆ. ಕನ್ಸಲ್ಟಿಂಗ್ ಶುರು ಮಾಡಿ ನಾಲ್ಕು ವರ್ಷ ಆಗೋಷ್ಟರಲ್ಲಿ, 2017ರಲ್ಲಿ, ಅದೇ ವೀಟರ್ ಮತ್ತೆ ಅಲ್ಲೇ ಭಾಷಣ ಬರೀತಿದ್ದ ಇನ್ನೊಬ್ಬ, ಜಾನ್ ಲವೆಟ್ ಜೊತೆ ಕ್ರುಕೆಡ್ ಮೀಡಿಯಾ ಅಂತ ಕಂಪನಿ ಮಾಡಿ ರಾಜಕೀಯ ಪಾಡ್‌ಕಾಸ್ಟಿಗೆ ವಾಪಸ್ ಬಂದ್ರು. ವಿಲಿಯಂ ಸಫೈರ್ ಅಂತೂ ಉಲ್ಟಾ, ಮೊದ್ಲು ಪಿಆರ್ ಮನುಷ್ಯ, ಆಮೇಲೆ ಅಮೆರಿಕಾ ಅಧ್ಯಕ್ಷ ನಿಕ್ಸನ್‌ಗೆ ಭಾಷಣ, 1973ರಲ್ಲಿ ಬಿಟ್ಟು ನ್ಯೂಯಾರ್ಕ್ ಟೈಮ್ಸ್ ಅಂಕಣ. ಚಂದ್ರನ ಮೇಲೆ ಇಳಿದ ಇಬ್ರು ವಾಪಸ್ ಬರ್ದೇ ಹೋದ್ರೆ ಅಧ್ಯಕ್ಷರು ಏನ್ ಹೇಳ್ಬೇಕು ಅಂತ 1969 ಜುಲೈ 18ಕ್ಕೇ, ಅಂದ್ರೆ ಇಳಿಯೋಕೆ ಎರಡು ದಿನ ಮುಂಚೆನೇ, ಬರೆದಿಟ್ಟಿದ್ರು ಆ ಮನುಷ್ಯ. ಪುಣ್ಯಕ್ಕೆ ಓದೋ ಪ್ರಸಂಗ ಬರ್ಲಿಲ್ಲ.

ಕಂಪನಿ ಕೆಲ್ಸದಲ್ಲಿ ಅಂಥ ಬಿಸಿ ಇರಲ್ಲ. ಒಂದು ಪ್ಯಾರಾ ಬರೆದ್ರೆ ಲೀಗಲ್‌ನೋರು, ಎಚ್‌ಆರ್‌ನೋರು, ಎಂಡಿ ಬಾಮೈದ ಎಲ್ಲ ಕೈಯಾಡ್ಸಿ ಕೊನೆಗೆ ಉಪ್ಪಿಲ್ಲದ ಉಪ್ಪಿಟ್ಟಾಗಿ ಬರುತ್ತೆ. ದುಡ್ಡು ಮಾತ್ರ ಜಾಸ್ತಿ. ಚಪ್ಪಾಳೆ ರುಚಿ ಹತ್ತಿದೋರಿಗೆ ಅದು ಸಾಕಾಗುತ್ತಾ ಅಂತ ನೀವೇ ಯೋಚ್ನೆ ಮಾಡಿ.

ಚೀಟಿ_ಬರೆಯೋನು:

ಮೂರೂ ಜನಕ್ಕೆ ಥ್ಯಾಂಕ್ಸ್. ಕಟ್ಟೆ ಅಣ್ಣ, ಚಪ್ಪಾಳೆ ಬಿದ್ದಾಗ ಸ್ಟೇಜ್ ಹಿಂದೆ ವೈರ್ ಮೇಲೆ ಕೂತಿರ್ತೀನಿ, ಆದ್ರೂ ಮೈ ಜುಮ್ ಅನ್ನುತ್ತೆ, ಸುಳ್ಳು ಹೇಳಲ್ಲ. ನಿನ್ನೆ ಒಬ್ರು ಸಿಕ್ಕಿದಾರೆ, ಪ್ರೈವೇಟ್ ಸ್ಕೂಲ್ ಸೆಕ್ರೆಟರಿ, ವಾರ್ಷಿಕೋತ್ಸವದ ಭಾಷಣ ಬೇಕಂತೆ. ಮೈಕ್ ಮೇಡಮ್, ರೇಟ್ ಏನ್ ಹೇಳ್ಲಿ?

ಮೈಕ್_ಟೆಸ್ಟಿಂಗ್:

ಮೊದ್ಲು ಅವರ ಜೊತೆ ಅರ್ಧ ಗಂಟೆ ಕೂತು ಮಾತಾಡ್ಸಿ, ಆಮೇಲೆ ರೇಟು. ಅರ್ಧ ಅಡ್ವಾನ್ಸ್ ತಗೊಂಡೇ ಪೆನ್ ಹಿಡೀರಿ, ಎಷ್ಟು ಸಲ ತಿದ್ದಿ ಕೊಡ್ತೀನಿ ಅಂತ ಬರವಣಿಗೇಲಿ ಇರ್ಲಿ, ಎರಡು ಸಲ ಸಾಕು. ಮುಂದೆ ದೊಡ್ಡ ಕಂಪನಿ ಸಿಕ್ಕಾಗ 10% ಟಿಡಿಎಸ್, ಅಂದ್ರೆ ಆದಾಯ ತೆರಿಗೆ, ಮೊದ್ಲೇ ಮುರ್ಕೊಂಡೇ ಕೊಡ್ತಾರೆ, ಗಾಬರಿ ಬೀಳ್ಬೇಡಿ. ಮತ್ತೆ ಆ ಗಣ್ಯರ ಲಿಸ್ಟು ಸ್ಕೂಲಿನೋರೇ ಬರ್ಕೊಡ್ಲಿ, ನೀವು ಮುಟ್ಟೋಕೇ ಹೋಗ್ಬೇಡಿ.