ವಾಚ್‌ನಲ್ಲಿ 451 ಕ್ಯಾಲೊರಿ, ಟ್ರೆಡ್‌ಮಿಲ್‌ನಲ್ಲಿ 213. ಯಾವುದನ್ನು ನಂಬಲಿ?

ಬೆಳಗಿನ_ನಡಿಗೆ
ಮೂರು ವಾರದಿಂದ ಇದೇ ಗೋಳು. 45 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದರೆ ವಾಚ್ 451 ಅನ್ನುತ್ತೆ, ಮಷಿನ್ 213 ಅನ್ನುತ್ತೆ. ಅಪ್‌ಡೇಟ್ ಆಯ್ತು, ರೀಸೆಟ್ ಆಯ್ತು, ಸೆನ್ಸರ್ ಒರೆಸಿದ್ದೂ ಆಯ್ತು. ವಾಚ್ ಲೆಕ್ಕ ನಂಬಿ ಊಟ ಹೊಂದಿಸಿಕೊಂಡರೆ ತೂಕ ಇಳೀತಾನೇ ಇಲ್ಲ. ವಾಚ್ ಕೆಟ್ಟಿದೆಯಾ?

ಹತ್ತು_ಕಿಮೀ
ಪ್ರೊಫೈಲ್‌ನಲ್ಲಿ ತೂಕದ ಯೂನಿಟ್ ನೋಡಿ. 68 ಕೆಜಿ ಅಂದರೆ 150 ಪೌಂಡ್. ಆ 150 ಕೆಜಿ ಅಂತ ಸೇರಿಕೊಂಡಿದ್ದರೆ ಲೆಕ್ಕ ಹಾರಿಬಿಡುತ್ತೆ. ನೂರಕ್ಕೆ ತೊಂಬತ್ತು ಸಲ ಇದೇ ಕಾರಣ.

ಲೆಕ್ಕದ_ಪುಸ್ತಕ
ಸರ್, ನಿಮ್ಮ ತೂಕ, ವಯಸ್ಸು, ವೇಗ, ಏರು, ಸರಾಸರಿ ಹೃದಯ ಬಡಿತ ಯಾವುದನ್ನೂ ಹೇಳಿಲ್ಲ. 451 ಅನ್ನೋದು ಆ್ಯಕ್ಟಿವ್ ಕ್ಯಾಲೊರಿಯೋ (ನಡಿಗೆಗೆ ಹೆಚ್ಚುವರಿ ಖರ್ಚಾಗಿದ್ದು ಮಾತ್ರ) ಟೋಟಲ್ಲೋ (ಸುಮ್ಮನಿದ್ದರೂ ಖರ್ಚಾಗೋದು ಸೇರಿ)?

ಬೆಳಗಿನ_ನಡಿಗೆ
ಟೋಟಲ್. 68 ಕೆಜಿ, 38 ವರ್ಷ, ಗಂಟೆಗೆ 6 ಕಿಮೀ, ಏರು ಸೊನ್ನೆ. ಸರಾಸರಿ ಬಡಿತ 120. ಪ್ರೊಫೈಲ್‌ನಲ್ಲಿ 68 ಕೆಜಿ ಅಂತಾನೇ ಇದೆ.

ಹತ್ತು_ಕಿಮೀ
ಆ್ಯಪ್‌ನಲ್ಲಿ ಸರಿ ಇದ್ದು ವಾಚ್‌ಗೆ ಸಿಂಕ್ ಆಗಿರಲ್ಲ. ಪೇರಿಂಗ್ ಅಳಿಸಿ ಮತ್ತೆ ಜೋಡಿಸಿ.

ಬೆಳಗಿನ_ನಡಿಗೆ
ಜೋಡಿಸಿದೆ. ಇವತ್ತು 447.

ಎದೆಪಟ್ಟಿ
ನಾಡಿ ಹಿಡಿಯೋ ಕೈಮೇಲಿನ ಹಸಿರು ಬೆಳಕಿನ ಸೆನ್ಸರ್ ನಮ್ಮ ಮೈಬಣ್ಣಕ್ಕೆ ಕೆಲಸ ಮಾಡಲ್ಲ, ಬಿಡಿ. ನಾನು ಎದೆಗೆ ಪೋಲಾರ್ ಎಚ್10 ಬಡಿತದ ಪಟ್ಟಿ ಕಟ್ಟೋದು, ಸೈಕಲ್‌ಗೆ ಎರಡೂ ಪೆಡಲ್‌ನಲ್ಲಿ ತುಳಿಯೋ ಶಕ್ತಿ ಅಳೆಯೋ ಪವರ್ ಮೀಟರ್. ಒಂದು ಗಂಟೆ 150 ವ್ಯಾಟ್ ಅಂದರೆ 540 ಕಿಲೋಜೂಲ್. ದೇಹದ ದಕ್ಷತೆ ಕಾಲುಭಾಗದ ಹತ್ತಿರ, ಒಂದು ಕ್ಯಾಲೊರಿ ನಾಲ್ಕು ಕಿಲೋಜೂಲ್‌ನ ಹತ್ತಿರ ಇರೋದರಿಂದ ಕ್ಯಾಲೊರಿಯೂ ಹೆಚ್ಚುಕಡಿಮೆ 540. ಊಹೆಯ ಮಾತೇ ಇಲ್ಲ.

ಹತ್ತು_ಕಿಮೀ
ಮೈಬಣ್ಣದ ಮಾತು ಅಷ್ಟು ಸಲೀಸಲ್ಲ. ಸೆನ್ಸರ್ ಕೆಳಗೆ ಹಚ್ಚೆ ಇದ್ದರೆ ಬೆಳಕು ತಡೆಯುತ್ತೆ, ಸರಿ. ಆದರೆ ಕೈ ಅಲ್ಲಾಡೋದೇ ದೊಡ್ಡ ತೊಂದರೆ. ಅವರು ಕೇಳಿದ್ದು ನಡಿಗೆಯದ್ದು, ಸೈಕಲ್‌ದಲ್ಲ.

ಲೆಕ್ಕದ_ಪುಸ್ತಕ
ಆ 120 ನೋಡಿ. ಗಂಟೆಗೆ 6 ಕಿಮೀ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 120 ಹೆಜ್ಜೆ ಬೀಳುತ್ತೆ. ಪಟ್ಟಿ ಸಡಿಲ ಇದ್ದಾಗ ವಾಚ್ ಕೈ ಬೀಸುವ ಲಯವನ್ನೇ ನಾಡಿ ಅಂದುಕೊಳ್ಳುತ್ತೆ. ಇದಕ್ಕೆ ಕೇಡೆನ್ಸ್ ಲಾಕ್ ಅಂತಾರೆ.

ಪರೀಕ್ಷೆ ಸುಲಭ. 20ನೇ ನಿಮಿಷಕ್ಕೆ ವಾಚ್‌ನ ಅಂಕಿ ನೋಡಿಕೊಂಡು, ಬೆಲ್ಟ್ ನಿಲ್ಲಿಸಿ, ಕತ್ತಿನ ನಾಡಿಯನ್ನು ತಕ್ಷಣ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ತಡ ಮಾಡಿದರೆ ಬಡಿತ ಇಳಿದುಹೋಗುತ್ತೆ. ಆಮೇಲೆ ಆ್ಯಪ್‌ನಲ್ಲಿ ಬಡಿತದ ಗೆರೆಯನ್ನೂ ಹೆಜ್ಜೆಯ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಚಪ್ಪಟೆಯಾಗಿದ್ದರೆ ಅದೇ ರೋಗ.

ನಿಮ್ಮ ವಾಚ್ ಒಳಗಿನ ಸೂತ್ರ ಹೊರಗೆ ಕಾಣಲ್ಲ, ಆದರೆ ಬಡಿತದಿಂದ ಕ್ಯಾಲೊರಿ ಲೆಕ್ಕ ಹಾಕುವ 2005ರ ಕೀಟೆಲ್ ಸೂತ್ರ ಎಲ್ಲರ ಕೈಗೂ ಸಿಗುತ್ತೆ. ಗಂಡಸರಿಗೆ: ಬಡಿತ × 0.6309 + ತೂಕ × 0.1988 + ವಯಸ್ಸು × 0.2017 − 55.0969. ಬರೋದು ನಿಮಿಷಕ್ಕೆ ಕಿಲೋಜೂಲ್, 4.184ರಿಂದ ಭಾಗಿಸಿ. 120 ಹಾಕಿದರೆ 45 ನಿಮಿಷಕ್ಕೆ 450. ನಿಮ್ಮ ಅಂಕಿಯ ಪಕ್ಕದಲ್ಲೇ ಬಂತು.

ಬೆಳಗಿನ_ನಡಿಗೆ
ಕತ್ತಿನಲ್ಲಿ 25, ಅಂದರೆ 100. ಅದೇ ಹೊತ್ತಿಗೆ ವಾಚ್ 121! ಗೆರೆ ಎರಡೂ ಅಂಟಿಕೊಂಡಂತಿವೆ.

ಲೆಕ್ಕದ_ಪುಸ್ತಕ
ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ, ಕೈ ಬೀಸಿದರೂ ಸರಿಯದಷ್ಟು ಬಿಗಿಯಾಗಿ ಕಟ್ಟಿ. ನಡಿಗೆ ಮುಗಿದ ಮೇಲೆ ಸಡಿಲಿಸಿ.

ಬೆಳಗಿನ_ನಡಿಗೆ
ಬಡಿತ ಈಗ 101ಕ್ಕೆ ಬಂತು. ಕ್ಯಾಲೊರಿ 318. ಆದರೂ ಮಷಿನ್‌ಗಿಂತ 105 ಜಾಸ್ತಿ ಅಲ್ವಾ?

ಹತ್ತು_ಕಿಮೀ
ಹಾಗಾದರೆ ಮಷಿನ್‌ಗೆ ತೂಕ ಕೊಟ್ಟಿಲ್ಲ ನೀವು. ತೂಕದ ಮಾತು ನಾನು ಮೊದಲೇ ಹೇಳಿದ್ದೆ.

ಲೆಕ್ಕದ_ಪುಸ್ತಕ
ಕೊಟ್ಟಿಲ್ಲ ಅನ್ನೋದು ನಿಜ ಇರಬೇಕು, ಮಷಿನ್ ತಾನೇ 70 ಕೆಜಿ ಅಂತ ಹಿಡಿದಂತಿದೆ, ಅದಕ್ಕೆ ಸರಿಯಾಗಿ 213 ಬರುತ್ತೆ. ಅದರಿಂದ ಆಗೋ ವ್ಯತ್ಯಾಸ ಆರೇ ಆರು ಕ್ಯಾಲೊರಿ. ಸಮತಟ್ಟು ನಡಿಗೆಗೆ ಮಿನಿಟಿಗೆ ಎಷ್ಟು ಮೀಟರ್ ಅನ್ನೋದನ್ನು 0.1ರಿಂದ ಗುಣಿಸಿ 3.5 ಸೇರಿಸಿ. ನಿಮ್ಮದು ಮಿನಿಟಿಗೆ 100 ಮೀಟರ್, ಹಾಗಾಗಿ 13.5, ಅಷ್ಟು ಮಿಲಿಲೀಟರ್ ಆಮ್ಲಜನಕ, ಪ್ರತಿ ಕೆಜಿಗೆ, ಪ್ರತಿ ನಿಮಿಷಕ್ಕೆ. ಲೀಟರ್‌ಗೆ 5 ಕ್ಯಾಲೊರಿ ಹಿಡಿದರೆ 68 ಕೆಜಿಗೆ 207. ಇದರಲ್ಲಿ 54 ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿತ್ತು. ಊಟದ ಲೆಕ್ಕಕ್ಕೆ 153 ಮಾತ್ರ ಹಿಡಿಯಿರಿ.

ಬಡಿತ ಸರಿ ಇದ್ದರೂ ವಾಚ್ ಮೇಲೆ ಹೋಗೋಕೆ ಕಾರಣ ಇದೆ. ಕೀಟೆಲ್ ಸೂತ್ರ ಕಟ್ಟಿದ್ದು ನಿಯಮಿತ ವ್ಯಾಯಾಮದವರನ್ನು ಅಳೆದು. ಅಭ್ಯಾಸ ಕಡಿಮೆ ಇರುವವರಿಗೆ ಅದೇ ಕೆಲಸಕ್ಕೆ ಬಡಿತ ಹೆಚ್ಚು. ಸೆಕೆ, ಕಾಫಿ, ನಿದ್ದೆಗೆಟ್ಟಿದ್ದು ಇವೂ ಬಡಿತ ಏರಿಸುತ್ತವೆ, ಕ್ಯಾಲೊರಿಯನ್ನು ಅಷ್ಟು ಏರಿಸಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು 60 ಜನರ ಕೈಗೆ ಏಳು ಸಾಧನ ಕಟ್ಟಿ ನೋಡಿದಾಗ ಆರರಲ್ಲಿ ಬಡಿತದ ತಪ್ಪು ಶೇ. 5ರೊಳಗೆ ಇತ್ತು, ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ಮಲ್ಲಿಗೆ_ಹಾದಿ
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಬಿಪಿಗೆ ಅಟೆನೊಲಾಲ್ ತಗೊಳ್ಳೋರಿಗೆ?

ಲೆಕ್ಕದ_ಪುಸ್ತಕ
ಮೇಡಂ, ಆ ಮಾತ್ರೆ ಬಡಿತವನ್ನೇ ತಗ್ಗಿಸುತ್ತೆ, ಹಾಗಾಗಿ ವಾಚ್ ಕಡಿಮೆ ತೋರಿಸುತ್ತೆ. ಎದೆಪಟ್ಟಿ ಕಟ್ಟಿದರೂ ಇದು ಸರಿಹೋಗಲ್ಲ. ವೇಗ-ತೂಕದ ಲೆಕ್ಕವೇ ನಿಮಗೆ ಒಳ್ಳೆಯದು.

ಬೆಳಗಿನ_ನಡಿಗೆ
ಏರು ಶೇ. 5 ಇಟ್ಟರೆ?

ಲೆಕ್ಕದ_ಪುಸ್ತಕ
ಏರಿಗೆ 1.8 × ಮಿನಿಟಿಗೆ 100 ಮೀಟರ್ × 0.05, ಅಂದರೆ 13.5ಕ್ಕೆ ಇನ್ನು 9 ಸೇರುತ್ತೆ. 45 ನಿಮಿಷಕ್ಕೆ 344. ಮುಂದಿನ ಕಂಬಿ ಹಿಡಿದು ನಡೆದರೆ ಈ ಲೆಕ್ಕ ನಡೆಯಲ್ಲ, ಮೈಭಾರ ಕೈಗೆ ಹೋಗುತ್ತೆ.

ಬೆಳಗಿನ_ನಡಿಗೆ
ಹಿಡೀತಿದ್ದೆ, ಒಂದು ಕೈಯಲ್ಲಿ. ನಾಳೆ ಬಿಟ್ಟು ನಡೆದು ಅಂಕಿ ಹಾಕ್ತೀನಿ.