ಪೋರ್ಷೆ 911 ಎಸ್‌ಸಿ: ಎತ್ತರ ಮೊದಲೋ, ಕ್ಯಾಂಬರ್ ಮೊದಲೋ?

ಹಳೇಗಾಡಿ:
ನನ್ನದು 1979ರ 911 ಎಸ್‌ಸಿ. ಮುಂಭಾಗದ ಎಡ ಮಡ್‌ಗಾರ್ಡಿನ ಅಂಚು ಬಲಗಡೆಗಿಂತ 12 ಮಿ.ಮೀ. ತಗ್ಗಿನಲ್ಲಿದೆ. ಎಡ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ್ದು, ಟೈರಿನ ಒಳಅಂಚು ಬೇಗ ಸವೆಯುತ್ತಿದೆ. ಟೈರ್ ಅಂಗಡಿಯವರು ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಒಂದನ್ನೇ ಸರಿಮಾಡಿಕೊಡುತ್ತೇವೆ ಎನ್ನುತ್ತಾರೆ. ಎಡಗಡೆಯ ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸಮಾಡುವ ಉಕ್ಕಿನ ಕಂಬಿ) ಸ್ಕ್ರೂ ತಿರುಗಿಸಿ ಮೊದಲು ಎತ್ತರ ಸರಿಪಡಿಸಬೇಕೆ?

ಸ್ಟ್ರಟ್‌ಪ್ರಿಯ:
ಎತ್ತರವೇ ಮೊದಲು. ಗಾಡಿ ಕುಸಿದಷ್ಟೂ ಚಕ್ರದ ತಲೆ ಒಳಕ್ಕೆ ವಾಲುವುದರಿಂದ, ಈಗ ಹೊಂದಿಸಿದ ಕ್ಯಾಂಬರ್ ಎತ್ತರ ಬದಲಾದೊಡನೆ ಕೆಡುತ್ತದೆ. ಆದರೆ ಮಡ್‌ಗಾರ್ಡಿನ ಅಳತೆಯನ್ನು ನಂಬಬೇಡಿ. ಇಷ್ಟು ಹಳೆಯ ಗಾಡಿಯ ಬಾಡಿ ಎಲ್ಲೆಲ್ಲಿ ರಿಪೇರಿ ಕಂಡಿದೆಯೋ ಹೇಳುವಂತಿಲ್ಲ. ಸಮತಟ್ಟಾದ ನೆಲದ ಮೇಲೆ, ಟ್ಯಾಂಕ್ ತುಂಬಿಸಿ, ಸ್ಟೆಪ್ನಿಯನ್ನು ಅದರ ಜಾಗದಲ್ಲಿಟ್ಟು, ನೆಲದಿಂದ ಚಕ್ರದ ನಡುಬಿಂದುವಿನ ಎತ್ತರವನ್ನೂ ಟಾರ್ಷನ್ ಬಾರಿನ ನಡುಬಿಂದುವಿನ ಎತ್ತರವನ್ನೂ ಅಳೆಯಿರಿ. ಬಾರು ಚಕ್ರದ ನಡುವಿಗಿಂತ 108 ಮಿ.ಮೀ. ಕೆಳಗಿರಬೇಕು, 5 ಮಿ.ಮೀ. ಹೆಚ್ಚುಕಡಿಮೆಯಾದರೆ ತೊಂದರೆಯಿಲ್ಲ, ಎಡಬಲಗಳ ಅಂತರವೂ 5 ಮಿ.ಮೀ. ಮೀರಬಾರದು. 80 ಲೀಟರಿನ ಟ್ಯಾಂಕು ಮುಂಭಾಗದಲ್ಲೇ ಇರುವುದರಿಂದ, ಅದು ಖಾಲಿಯಿದ್ದಾಗ ಅಳೆದ ಲೆಕ್ಕ ಪ್ರಯೋಜನಕ್ಕೆ ಬಾರದು.

ನಾಲ್ಕುಚಕ್ರ:
ಮೇಲಿನವರ ಅಳತೆಯ ಕ್ರಮ ಸರಿ. ಆದರೆ ಅಳತೆ ತಪ್ಪಿದೆಯೆಂದು ಕಂಡ ಕೂಡಲೇ ಎಡ ಸ್ಕ್ರೂಗೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ. ಒಂದು ಕಾಲು ಗಿಡ್ಡವಾದ ಮೇಜಿನಂತೆ, ಹಿಂದಿನ ಬಲಮೂಲೆ ಎತ್ತರವಾಗಿದ್ದರೂ ಮುಂದಿನ ಎಡಮೂಲೆ ತಗ್ಗುತ್ತದೆ. ಆಗ ಎಡ ಸ್ಕ್ರೂ ಬಿಗಿದರೆ ನೋಟಕ್ಕೆ ಗಾಡಿ ನೆಟ್ಟಗಾಗುತ್ತದೆ, ಕರ್ಣದ ಎರಡು ಚಕ್ರಗಳ (ಮುಂದಿನ ಎಡ, ಹಿಂದಿನ ಬಲ) ಮೇಲೆ ಮಾತ್ರ ಭಾರ ಏರಿ, ಬ್ರೇಕ್ ಹಿಡಿದಾಗ ಹಗುರವಾದ ಮುಂಚಕ್ರ ಬೇಗ ಲಾಕ್ ಆಗುತ್ತದೆ. ಆ್ಯಂಟಿ-ರೋಲ್ ಬಾರಿನ (ತಿರುವಿನಲ್ಲಿ ಗಾಡಿ ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಕಂಬಿ) ಕೊಂಡಿ ಕಳಚಿ, ನಾಲ್ಕೂ ಚಕ್ರಗಳ ಭಾರವನ್ನು ತೂಕದ ಪ್ಯಾಡ್‌ಗಳ ಮೇಲೆ ನೋಡಿದ ನಂತರವೇ ಯಾವ ಸ್ಕ್ರೂ ಎಂದು ತೀರ್ಮಾನಿಸಿ. ಜಾಕಿನಿಂದ ಇಳಿಸಿದ ಗಾಡಿ ತಾನಾಗಿ ಕೂರುವುದಿಲ್ಲವಾದ್ದರಿಂದ, ಪ್ರತಿ ಸಲವೂ ಕೆಲವು ಅಡಿ ಹಿಂದೆಮುಂದೆ ಉರುಳಿಸಿ, ಬಂಪರ್ ಒತ್ತಿಬಿಟ್ಟು ಅಳೆಯಬೇಕು.

ಹಳೇಗಾಡಿ:
ಧನ್ಯವಾದಗಳು. ಎತ್ತರ ಕೂಡಿಬಂದ ಮೇಲೆ ಕ್ಯಾಂಬರನ್ನು ಎಲ್ಲಿ ಹೊಂದಿಸುವುದು?

ಸ್ಟ್ರಟ್‌ಪ್ರಿಯ:
ಮುಂದಿನ ಡಿಕ್ಕಿಯೊಳಗೆ, ಸ್ಟ್ರಟ್‌ನ (ಚಕ್ರವನ್ನು ಹಿಡಿದಿರುವ ಶಾಕ್ ಅಬ್ಸಾರ್ಬರಿನ ಕಂಬ) ತಲೆಯ ಮೂರು ಬೋಲ್ಟುಗಳಲ್ಲಿ. ಅಲ್ಲಿ ಬಳಿದಿರುವ ಸೀಲಂಟ್ ಕೆರೆದು, ಈಗಿನ ಸ್ಥಾನಕ್ಕೆ ಗೆರೆ ಎಳೆದು, ಆನಂತರ ಸಡಿಲಿಸಿ. ತಲೆಯನ್ನು ಹೊರಕ್ಕೆ ಸರಿಸಿದರೆ ಒಳವಾಲು ಕಡಿಮೆಯಾಗುತ್ತದೆ. ಹಿಂದೆಮುಂದೆ ಸರಿದರೆ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಸ್ಟೀರಿಂಗ್ ಅಕ್ಷದ ಓರೆ) ಬದಲಾಗುತ್ತದೆ, ಆದ್ದರಿಂದ ಗೆರೆಯ ಮೇಲೆ ಕಣ್ಣಿರಲಿ. ಕಾರ್ಖಾನೆಯ ಅಳತೆ 0 ಡಿಗ್ರಿ. ಚುರುಕಾಗಿ ಓಡಿಸುವವರು ಅರ್ಧದಿಂದ ಒಂದು ಡಿಗ್ರಿ ಒಳವಾಲು ಇಟ್ಟುಕೊಳ್ಳುತ್ತಾರೆ, ನನ್ನ ಮಟ್ಟಿಗೆ ಊರೊಳಗಿನ ಓಡಾಟಕ್ಕೆ ಅರ್ಧವೇ ಸಾಕು. ಕ್ಯಾಂಬರ್ ಬದಲಾದಾಗ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುವುದರಿಂದ ಅದನ್ನು ಕೊನೆಗೆ ನೋಡಿ.

ನಾಲ್ಕುಚಕ್ರ:
ಸ್ಕ್ರೂ ಪೂರ್ತಿ ಬಿಗಿದರೂ ಎತ್ತರ ಸಾಲದಿದ್ದರೆ, ಸ್ಕ್ರೂ ಒತ್ತುವ ಲಿವರನ್ನು ಬಿಚ್ಚಿ ಟಾರ್ಷನ್ ಬಾರಿನ ಹಲ್ಲುಗಳ ಮೇಲೆ ಬೇರೆ ಸ್ಥಾನದಲ್ಲಿ ಕೂರಿಸಬೇಕಾಗುತ್ತದೆ. ಆಗ ಎಡಬಲದ ಬಾರುಗಳನ್ನು ಅದಲುಬದಲು ಮಾಡಬಾರದು. ತುದಿಯಲ್ಲಿ ಎಲ್, ಆರ್ ಎಂಬ ಗುರುತುಗಳಿರುತ್ತವೆ.